ಕುರ್ಚಿ ತಿರುಗಿಸಿದವರು

ನಾಟಕದಲ್ಲಿ ಆ ದೃಶ್ಯ ಮೂರೇ ನಿಮಿಷದ್ದು. ಒಂದು ಮೇಜು, ಮೂರು ಕುರ್ಚಿ. ಮೇಜಿನ ಆಚೆ ಡಾಕ್ಟರ್, ಈಚೆ ಗಂಡ ಹೆಂಡತಿ. ಹೆಂಡತಿಗೆ ಆರು ತಿಂಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ.

"ಎಷ್ಟು ದಿನ ಇರುತ್ತೆ?" ಡಾಕ್ಟರ್ ಕೇಳುತ್ತಾರೆ.

"ನಾಲ್ಕೈದು ದಿನ ಡಾಕ್ಟ್ರೇ," ಗಂಡ ಹೇಳುತ್ತಾನೆ.

"ಜಾಸ್ತಿ ಹೋಗುತ್ತಾ?"

"ಹಾಗಂತಾಳೆ."

"ನೋವು?"

"ಅದು ಎಲ್ಲರಿಗೂ ಇರೋದೇ ಅಲ್ವಾ."

ಡಾಕ್ಟರ್ ಬರೆಯುತ್ತಾರೆ. ಚೀಟಿ ಗಂಡನ ಕೈಗೆ ಹೋಗುತ್ತದೆ. ಹೆಂಡತಿ ಒಂದು ಮಾತೂ ಆಡದೆ ದೃಶ್ಯ ಮುಗಿಯುತ್ತದೆ.

ಇಲ್ಲಿ ಗಂಡ ಕೆಟ್ಟವನಲ್ಲ. ಅವನನ್ನು ಹಾಗೆ ಬರೆಯಬಾರದು ಅಂತ ನಮ್ಮ ತಂಡ ಮೊದಲೇ ತೀರ್ಮಾನಿಸಿತ್ತು. ಕೆಲಸ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಬಂದಿದ್ದಾನೆ. ಅವಳು ಸೊರಗಿದ್ದಾಳೆ ಅಂತ ಅವನಿಗೆ ಗೊತ್ತು. ಅವಳ ಪರವಾಗಿ ತಾನೇ ಮಾತಾಡುವುದು ಅವನ ಲೆಕ್ಕದಲ್ಲಿ ಕಾಳಜಿ. ಡಾಕ್ಟರೂ ಕೆಟ್ಟವರಲ್ಲ. ಹೊರಗೆ ಜನ ಸಾಲುಗಟ್ಟಿ ಕಾಯುತ್ತಿದ್ದಾರೆ. ಯಾರು ಬೇಗ ಉತ್ತರ ಹೇಳುತ್ತಾರೋ ಅವರ ಕಡೆ ತಿರುಗುತ್ತಾರೆ. ಇಬ್ಬರು ಒಳ್ಳೆಯವರೇ ಸೇರಿ ಒಬ್ಬಳ ಮಾತು ನುಂಗಿಬಿಡುತ್ತಾರೆ, ಅದು ಇಬ್ಬರಿಗೂ ಗೊತ್ತಾಗುವುದೇ ಇಲ್ಲ.

ದೃಶ್ಯ ಮುಗಿದ ಮೇಲೆ ನಾನು ಎದ್ದು ಪ್ರೇಕ್ಷಕರ ಮುಂದೆ ನಿಲ್ಲುತ್ತೇನೆ. ಇದನ್ನೇ ಇನ್ನೊಂದು ಸಲ ಆಡುತ್ತೇವೆ ಅನ್ನುತ್ತೇನೆ. ಎಲ್ಲಿ ತಡೆಯಬೇಕು ಅನ್ನಿಸುತ್ತೋ ಅಲ್ಲಿ "ನಿಲ್ಲಿಸಿ" ಅನ್ನಿ. ಮೇಲೆ ಬಂದು ಹೆಂಡತಿಯ ಜಾಗದಲ್ಲಿ ನೀವು ಕೂರಿ. ನೀವಾಗಿದ್ದರೆ ಏನು ಮಾಡ್ತಿದ್ರಿ ಅನ್ನೋದನ್ನ ಹೇಳಬೇಡಿ, ಮಾಡಿ ತೋರಿಸಿ.

ಅವತ್ತು ತುಂಬ ಹೊತ್ತು ಯಾರೂ ಏಳಲಿಲ್ಲ. ಒಂದಿಬ್ಬರು ಒಬ್ಬರನ್ನೊಬ್ಬರು ತಳ್ಳಿ ನಕ್ಕರು. ಆಮೇಲೆ ಮೂರನೇ ಸಾಲಿನಿಂದ ಐವತ್ತರ ಆಸುಪಾಸಿನ ಒಬ್ಬರು "ನಿಲ್ಸಿ" ಅಂದರು. ನಿಧಾನಕ್ಕೆ ಮೇಲೆ ಬಂದರು. ನಮ್ಮ ನಟಿ ಎದ್ದು ಜಾಗ ಕೊಟ್ಟಳು. ಅವರು ಕೂರಲಿಲ್ಲ. ಮೊದಲು ಕುರ್ಚಿಯ ಬೆನ್ನು ಹಿಡಿದು ಎತ್ತಿದರು. ಅದನ್ನು ಮೇಜಿನ ಪಕ್ಕಕ್ಕೆ ತಂದು, ಡಾಕ್ಟರಿಗೆ ಎದುರಾಗುವ ಹಾಗೆ ತಿರುಗಿಸಿ ಇಟ್ಟರು. ಗಂಡನಿಗೆ ಈಗ ಅವರ ಬೆನ್ನು. ಆಮೇಲೆ ಕೂತು ಸೆರಗು ಸರಿಮಾಡಿಕೊಂಡರು.

"ಎಷ್ಟು ದಿನ ಇರುತ್ತೆ?" ನಟ ಕೇಳಿದ.

"ನಾಲ್ಕೈದು..." ಅಂತ ಹಿಂದಿನಿಂದ ಗಂಡನ ದನಿ ಬಂತು. ಆ ಅಮ್ಮ ತಿರುಗಿ ನೋಡಲೇ ಇಲ್ಲ. ಒಂದು ಕೈಯನ್ನು ಹಿಂದಕ್ಕೆ ಚಾಚಿ ಅಂಗೈ ತೋರಿಸಿದರು, ಅಷ್ಟೇ. ಗಂಡನ ಮಾತು ಅಲ್ಲೇ ನಿಂತಿತು.

"ಹತ್ತು ದಿನ," ಅಂದರು ಅವರು. "ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್. ರಾತ್ರಿ ಮಲಗೋಕೆ ಭಯ ಆಗುತ್ತೆ, ಹಾಸಿಗೆ ಒದ್ದೆ ಆಗುತ್ತೆ ಅಂತ. ಕೂತ್ಕೊಂಡೇ ಇರ್ತೀನಿ."

ನಾವು ಬರೆದ ನಾಟಕದಲ್ಲಿ ಈ ಮಾತು ಇರಲಿಲ್ಲ. ಇಡೀ ಸಭೆ ಗಪ್‌ಚುಪ್. ಆಗ ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು, "ಅಲ್ಲೇನೋ ಸರಿ. ಮನೆಗೆ ವಾಪಸ್ ಹೋಗೋ ದಾರಿಯಲ್ಲಿ ಏನಾಗುತ್ತೆ, ಅದನ್ನ ಮಾಡಿ ತೋರ್ಸಿ!"

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಎರಡು ಕುರ್ಚಿ ಒಂದರ ಹಿಂದೆ ಒಂದು ಇಟ್ಟು ಗಾಡಿ ಮಾಡಿದೆವು. ಗಂಡನ ಪಾತ್ರದ ಹುಡುಗ ಮುಂದೆ ಕೂತು, "ಅವರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ," ಅಂದ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ಕರ್ಕೊಂಡು ಬಂದ್ರಿ ಅಂತಾನೇ ಹೇಳೋಕಾಯ್ತು," ಅಂದರು. ನಮ್ಮ ಹುಡುಗನಿಗೆ ಉತ್ತರವೇ ಹೊಳೆಯಲಿಲ್ಲ. ಅವನು ನಟನೆಯಲ್ಲಿ ಪಳಗಿದವನು. ಆದರೂ ಸುಮ್ಮನೆ ಗಾಡಿ ಓಡಿಸುತ್ತಾ ಕೂತುಬಿಟ್ಟ.

ಆ ಸಂಜೆಯ ನಂತರ ನನಗೆ ಒಂದು ವಿಷಯ ಗಟ್ಟಿಯಾಯಿತು. ಹೆಂಗಸರ ಆರೋಗ್ಯದ ಬಗ್ಗೆ ಅರಿವು ಮೂಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆ ಅಮ್ಮನಿಗೆ ಅರಿವು ಕಡಿಮೆ ಇತ್ತಾ? ಹತ್ತು ದಿನ ರಕ್ತ ಹೋಗುವುದು ಸರಿಯಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾವಾಗ, ಯಾರ ಮುಂದೆ, ಎಲ್ಲಿ ಕೂತು ಹೇಳಬೇಕು ಅನ್ನೋದೇ ಕಷ್ಟ. 'ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ' ಅಂತ ಗಾದೆ ಇದೆ. ಬಾಯಿ ಎಲ್ಲರಿಗೂ ಇದೆ. ಮಾತಾಡಿ ಅಭ್ಯಾಸ ಇರಬೇಕಲ್ಲ. ನಾಟಕದವರು ಒಂದು ಮಾತನ್ನು ಜನರ ಮುಂದೆ ಹೇಳುವ ಮೊದಲು ನೂರು ಸಲ ತಾಲೀಮು ಮಾಡುತ್ತೇವೆ. ಹೆಂಗಸರು ಬದುಕಿನ ಅತಿ ಕಷ್ಟದ ಮಾತನ್ನು ತಾಲೀಮೇ ಇಲ್ಲದೆ ಹೇಳಬೇಕು, ಅದೂ ಮೊದಲ ಸಲಕ್ಕೇ ಸರಿಯಾಗಿ.

ಮೊದಮೊದಲು ನಾವು ಮಾಡುತ್ತಿದ್ದ ನಾಟಕ ಬೇರೆ ಥರದ್ದು. ಅದನ್ನು ಹೇಳಲೇಬೇಕು, ಯಾಕೆಂದರೆ ಅದರಿಂದ ಒಬ್ಬಳಿಗೆ ತೊಂದರೆಯಾಯಿತು. ಒಬ್ಬ ಬಸುರಿ, ಮನೆಯವರ ನಿರ್ಲಕ್ಷ್ಯ, ತಡವಾಗಿ ಆಸ್ಪತ್ರೆ, ಕೊನೆಗೆ ಸಾವು. ಬಿಳಿ ಬಟ್ಟೆ ಹೊದಿಸಿ ದೀಪ ಆರಿಸುತ್ತಿದ್ದೆವು. ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅತ್ತರೆ ನಾಟಕ ಗೆದ್ದಿತು ಅಂದುಕೊಂಡಿದ್ದೆವು. ಒಂದು ಸಲ ಮುಂದಿನ ಸಾಲಿನಲ್ಲೇ ಇಪ್ಪತ್ತರ ಒಬ್ಬ ಹುಡುಗಿ ಕೂತಿದ್ದಳು. ತುಂಬು ಬಸುರಿ. ವಾರದ ನಂತರ ಅಲ್ಲಿಯ ನರ್ಸ್ ಸಿಕ್ಕಾಗ ಹೇಳಿದರು, ಅವಳು ಆಸ್ಪತ್ರೆಗೆ ಬರುವುದಿಲ್ಲ ಅಂತ ಹಠ ಹಿಡಿದಿದ್ದಾಳೆ. 'ಅಲ್ಲಿ ಹೋದವಳೇ ಸತ್ತಿದ್ದು' ಅಂತಾಳಂತೆ.

ಅವಳು ನಾಟಕವನ್ನು ತಪ್ಪಾಗಿ ಅರ್ಥಮಾಡಿಕೊಂಡಳು ಅಂತ ನಾನು ಹೇಳಲಾರೆ. ನಾವು ತೋರಿಸಿದ್ದು ಅದನ್ನೇ. ಆಸ್ಪತ್ರೆಯ ಬಾಗಿಲು, ಅದರ ಹಿಂದೆ ಹೆಣ. ಆ ನರ್ಸ್ ಮೂರು ಸಲ ಅವಳ ಮನೆಗೆ ಹೋಗಿ ಕೂತು ಮಾತಾಡಿ ಒಪ್ಪಿಸಿದರು. ಹೆರಿಗೆ ಚೆನ್ನಾಗಿ ಆಯಿತು. ಆದರೆ ಆ ಮೂರು ಸಲದ ಓಡಾಟ ನಮ್ಮ ಲೆಕ್ಕಕ್ಕೆ ಬರೆಯಬೇಕಾದ್ದು. ಆ ನಾಟಕವನ್ನು ಮತ್ತೆ ಆಡಲಿಲ್ಲ.

ಹಾಗಂತ ಸಾವಿನ ಮಾತೇ ಎತ್ತಬಾರದು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಸತ್ತರು. ದಿನಕ್ಕೆ 700ಕ್ಕಿಂತ ಜಾಸ್ತಿ. ಹೆಚ್ಚಿನವು ತಡೆಯಬಹುದಾಗಿದ್ದ ಸಾವುಗಳು. 'ತಡೆಯಬಹುದಾಗಿತ್ತು' ಅನ್ನೋ ಆ ಒಂದು ಪದವೇ ನಾಟಕದ ಜೀವ. ಎಲ್ಲಿ ತಡೆಯಬಹುದಾಗಿತ್ತು? ಯಾರು? ಯಾವ ಕ್ಷಣದಲ್ಲಿ? ದೀಪ ಆರಿಸಿ ಅಳಿಸಿದರೆ ಆ ಪ್ರಶ್ನೆಯೂ ದೀಪದ ಜೊತೆಗೇ ಆರಿಹೋಗುತ್ತದೆ.

"ನಿಲ್ಲಿಸಿ" ಅನ್ನುವ ಈ ಪದ್ಧತಿ ನಮ್ಮದಲ್ಲ. ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೊ ಬೋವಾಲ್ ಕಟ್ಟಿದ್ದು. ಫೋರಂ ಥಿಯೇಟರ್ ಅನ್ನುತ್ತಾರೆ. ಅದು ಹುಟ್ಟಿದ ಕತೆ ನನಗೆ ತುಂಬ ಇಷ್ಟ. 1973ರಲ್ಲಿ ಬೋವಾಲ್ ಪೆರು ದೇಶದಲ್ಲಿ ಅಕ್ಷರ ಕಲಿಸುವ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಆಗೆಲ್ಲ ಅವರ ನಾಟಕದಲ್ಲಿ ಪ್ರೇಕ್ಷಕರು ಕೂತಲ್ಲಿಂದಲೇ ಸಲಹೆ ಕೊಡುತ್ತಿದ್ದರು, ನಟರು ಅದನ್ನು ಆಡಿ ತೋರಿಸುತ್ತಿದ್ದರು. ಒಮ್ಮೆ ಓದು ಬಾರದ ಹೆಂಡತಿಯೊಬ್ಬಳ ಕತೆ ಬಂತು. ಮುಖ್ಯವಾದ ಕಾಗದ, ಜೋಪಾನ ಅಂತ ಗಂಡ ಅವಳ ಕೈಗೆ ಕೊಟ್ಟಿಟ್ಟಿದ್ದು ಅವನ ಪ್ರೇಯಸಿ ಬರೆದ ಪತ್ರಗಳು. ಅವಳೇನು ಮಾಡಬೇಕು? ಪ್ರೇಕ್ಷಕರಲ್ಲಿದ್ದ ಒಬ್ಬ ಹೆಂಗಸು, ಗಂಡನ ಜೊತೆ ಸ್ಪಷ್ಟವಾಗಿ ಮಾತಾಡಬೇಕು, ಆಮೇಲೆ ಕ್ಷಮಿಸಬೇಕು ಅಂದಳು. ನಟಿ ಹಾಗೇ ಆಡಿದಳು. ಆ ಹೆಂಗಸಿಗೆ ಸಮಾಧಾನ ಆಗಲಿಲ್ಲ. ಸ್ಪಷ್ಟವಾಗಿ ಅಂದೆ, ಅವಳಂದಳು. ನಟಿ ಇನ್ನೊಂದು ಸಲ ಆಡಿದಳು. ಊಹೂಂ. ಕೊನೆಗೆ ಬೋವಾಲ್ ಆ ಹೆಂಗಸನ್ನೇ ಮೇಲೆ ಕರೆದರು. ಅವಳು ಬಂದು ಪೊರಕೆಯ ಕೋಲು ಎತ್ತಿಕೊಂಡು ಗಂಡನ ಪಾತ್ರಧಾರಿಗೆ ಬಾರಿಸಿದಳು. ಅವಳ 'ಸ್ಪಷ್ಟ ಮಾತು' ಅದಾಗಿತ್ತು.

ಹೊಡೆಯುವುದು ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ಒಬ್ಬಳ ಮನಸ್ಸಿನಲ್ಲಿ ಇರುವುದನ್ನು ಇನ್ನೊಬ್ಬಳು ಆಡಿ ತೋರಿಸಲು ಆಗುವುದಿಲ್ಲ ಅಂತ ಬೋವಾಲ್‌ಗೆ ಅವತ್ತು ತಿಳಿಯಿತು. ಅವಳೇ ಬರಬೇಕು. ಗರ್ಭಕೋಶ, ಮುಟ್ಟು, ಹೆರಿಗೆ, ಬಸಿರು ಬೇಕೋ ಬೇಡವೋ ಅನ್ನುವ ತೀರ್ಮಾನ, ಇವುಗಳ ವಿಷಯದಲ್ಲಂತೂ ಇದು ನೂರಕ್ಕೆ ನೂರು ಸತ್ಯ. ಅವಳ ಪರವಾಗಿ ಮಾತಾಡಲು ಜನ ಯಾವಾಗಲೂ ತಯಾರಿದ್ದಾರೆ. ಗಂಡ, ಅತ್ತೆ, ಅಮ್ಮ, ಡಾಕ್ಟರ್, ಸರ್ಕಾರ. ನಾಟಕದವರೂ ಆ ಸಾಲಿಗೆ ಸೇರಿಬಿಟ್ಟರೆ ಅವಳಿಗೆ ಇನ್ನೊಬ್ಬ ವಕೀಲ ಸಿಕ್ಕ ಹಾಗಾಯಿತು, ಅಷ್ಟೇ.

ಈ ವಿಷಯವನ್ನು ರಂಗಕ್ಕೆ ತಂದವರಲ್ಲಿ ನಾವೇ ಮೊದಲಲ್ಲ, ಬೋವಾಲ್ ಕೂಡ ಅಲ್ಲ. 1901ರಲ್ಲೇ ಫ್ರಾನ್ಸ್‌ನ ನಾಟಕಕಾರ ಯುಜೀನ್ ಬ್ರಿಯೊ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಬಗ್ಗೆ ನಾಟಕ ಬರೆದಿದ್ದರು. ಅಲ್ಲಿನ ಸೆನ್ಸಾರ್ ಅದನ್ನು ತಡೆಯಿತು. ಆ ಪದವನ್ನು ಮರ್ಯಾದಸ್ಥರು ಬಾಯಲ್ಲಿ ಎತ್ತದ ಕಾಲ. ರೋಗ ಇರುವುದು ಗಂಡನಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಮದುವೆಯಾಗಿ ಮಗು ಹೆತ್ತವಳಿಗೆ ಮಾತ್ರ ಗೊತ್ತಿಲ್ಲ. ನೂರಿಪ್ಪತ್ತು ವರ್ಷ ಕಳೆದಿದೆ. ನಮ್ಮ ಮೂರು ಕುರ್ಚಿಯ ದೃಶ್ಯಕ್ಕೂ ಅದಕ್ಕೂ ಎಷ್ಟು ದೂರ ಅಂತ ಕೆಲವೊಮ್ಮೆ ಯೋಚಿಸುತ್ತೇನೆ.

ಈಗ ನಾವು ಆಡುವ ಹೆರಿಗೆಯ ನಾಟಕಕ್ಕೆ ಮೂರು ಭಾಗ ಇದೆ. ಆ ಹಂದರ ನಮ್ಮ ತಲೆಯಿಂದ ಬಂದದ್ದಲ್ಲ. 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಅನ್ನುವ ಇಬ್ಬರು ಸಂಶೋಧಕಿಯರು ತಾಯಂದಿರು ಯಾಕೆ ಸಾಯುತ್ತಾರೆ ಅಂತ ನೋಡಿ, ಮೂರು ತಡಗಳ ಬಗ್ಗೆ ಬರೆದರು. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸುವುದರಲ್ಲಿ ತಡ. ಅಲ್ಲಿ ತಲುಪುವುದರಲ್ಲಿ ತಡ. ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಓದಿದಾಗ ನನಗೆ ಮೈ ಜುಮ್ ಅಂದಿತು. ಇದು ಆಗಲೇ ನಾಟಕ! ಮೊದಲ ಅಂಕ ಮನೆ, ಎರಡನೆಯದು ದಾರಿ, ಮೂರನೆಯದು ಆಸ್ಪತ್ರೆ.

ದಾರಿಯ ಭಾಗದಲ್ಲಿ ಜನ ಬೇಗ ಉಪಾಯ ಹೇಳುತ್ತಾರೆ. ಗಾಡಿ ಮೊದಲೇ ಗೊತ್ತುಮಾಡಿಡಬೇಕು, ಫೋನ್ ನಂಬರ್ ಗೋಡೆ ಮೇಲೆ ಬರೆದಿಡಬೇಕು, ದುಡ್ಡು ತೆಗೆದಿಡಬೇಕು. ಮನೆಯ ಭಾಗವೇ ಕಷ್ಟ. ಅಲ್ಲಿ ನಡೆಯುವುದೆಲ್ಲ ಮಾತಿನಲ್ಲಿ. 'ಇನ್ನೂ ಸ್ವಲ್ಪ ಹೊತ್ತು ನೋಡೋಣ.' 'ಅವನು ಬರಲಿ.' 'ನನಗೂ ಹೀಗೇ ಆಗಿತ್ತು, ಏನೂ ಆಗಲ್ಲ.' ಇವೆಲ್ಲ ಪ್ರೀತಿಯ ಮಾತುಗಳೇ. ಒಂದೊಂದಕ್ಕೂ ಅರ್ಧ ಗಂಟೆ ಹೋಗುತ್ತದೆ.

ಹೆರಿಗೆಯಾದ ಮೇಲೆ ಅರ್ಧ ಗಂಟೆ ಅಂದರೆ ಎಷ್ಟು ದೊಡ್ಡದು ಅಂತ ತೋರಿಸಲು ನಾವು ಒಂದು ಕೆಲಸ ಮಾಡುತ್ತೇವೆ. ಹಳೇ ಬಟ್ಟೆಗಳನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ. ಅರ್ಧ ಲೀಟರ್ ಬಾಟಲಿಯಲ್ಲಿ ಕೆಂಪು ನೀರು. ಅದನ್ನು ನಿಧಾನಕ್ಕೆ ಬಟ್ಟೆಯ ಮೇಲೆ ಸುರಿಯುತ್ತೇವೆ. ಬಟ್ಟೆ ಹೀರಿಕೊಳ್ಳುತ್ತದೆ. ಮೇಲೆ ಕಾಣುವುದು ಒಂದು ಕಲೆ, ಅಷ್ಟೇ. "ಇದು ಜಾಸ್ತೀನಾ?" ಅಂತ ಕೇಳುತ್ತೇನೆ. ಇಲ್ಲ, ಮಾಮೂಲು, ಅನ್ನುತ್ತಾರೆ ಜನ. ಆಗ ಮುಂದೆ ಕೂತವರಲ್ಲೇ ಇಬ್ಬರನ್ನು ಕರೆದು ಆ ಬಟ್ಟೆಯನ್ನು ಒಂದು ಪಾತ್ರೆಗೆ ಹಿಂಡಿ ಅನ್ನುತ್ತೇವೆ. ಹಿಂಡುತ್ತಾರೆ. ಇನ್ನೂ ಹಿಂಡುತ್ತಾರೆ. ಪಾತ್ರೆಯಲ್ಲಿ ಕೆಂಪು ಮೇಲೇರುತ್ತಾ ಬರುತ್ತದೆ. ಹಿಂಡುವವರ ಮುಖ ಬದಲಾಗುವುದನ್ನು ನಾನು ಪ್ರತಿ ಸಲ ನೋಡುತ್ತೇನೆ. ಮಾತೇ ಬೇಕಾಗುವುದಿಲ್ಲ.

ಹೆರಿಗೆಯಾದ 24 ಗಂಟೆಯೊಳಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದರೆ ಅದು ಅಪಾಯದ ರಕ್ತಸ್ರಾವ ಅಂತ ವೈದ್ಯರು ಬಹುಕಾಲದಿಂದ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಕಣ್ಣಳತೆಯಲ್ಲಿ ಆಸ್ಪತ್ರೆಯವರೇ ಎಷ್ಟೋ ಸಲ ಮೋಸ ಹೋಗುತ್ತಾರೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಬಾಣಂತಿಯ ಕೆಳಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆ ಹಾಕಿದರು. ರಕ್ತ ಗೆರೆ ಮುಟ್ಟಿದ ತಕ್ಷಣ ಒಂದರ ನಂತರ ಒಂದು ಅಂತ ಕಾಯದೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದರು. ಗರ್ಭಕೋಶ ನೀವುವುದು, ಔಷಧಿ, ಡ್ರಿಪ್, ಪರೀಕ್ಷೆ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಅದರಿಂದ ಸಾವು, ಇವೆಲ್ಲ ಸೇರಿಸಿ ನೋಡಿದರೆ 60% ಕಡಿಮೆಯಾಗಿತ್ತು. ಫಲಿತಾಂಶ ಬಂದದ್ದು 2023ರಲ್ಲಿ. ಹೊಸ ಔಷಧಿ ಕಂಡುಹಿಡಿದದ್ದಲ್ಲ. ಕಾಣದೇ ಇದ್ದದ್ದು ಕಾಣುವ ಹಾಗೆ ಮಾಡಿದ್ದು, ಕಂಡ ಕೂಡಲೇ ಕೈಹಾಕಿದ್ದು. ಬಟ್ಟೆ ಹಿಂಡುವಾಗ ನಾವು ಮಾಡಲು ನೋಡುವುದೂ ಅದನ್ನೇ.

ಮೂರನೇ ತಡದ ಬಗ್ಗೆ ಹೇಳದೇ ಹೋದರೆ ಅನ್ಯಾಯ. ಬರೀ ಹೆಂಗಸರ ಮುಂದೆ ನಾಟಕ ಆಡಿ, ನೀವು ಧೈರ್ಯ ಮಾಡಿ, ನೀವು ಕೇಳಿ, ನೀವು ಬದಲಾಗಿ ಅನ್ನುವುದು ಸುಲಭ. ಅವಳು ಧೈರ್ಯ ಮಾಡಿ ಕೇಳಿದಾಗ ಅಲ್ಲಿ ಬೈಗುಳ ಸಿಕ್ಕರೆ? ಹೆರಿಗೆ ಕೋಣೆಯಲ್ಲಿ ಬೈಯುವುದು, ಹೊಡೆಯುವುದು, ಒಪ್ಪಿಗೆ ಕೇಳದೆ ಮುಟ್ಟುವುದು, ಮರೆ ಇಲ್ಲದೆ ಮಲಗಿಸುವುದು ನಿಲ್ಲಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಎಲ್ಲೋ ಒಂದು ಕಡೆಯ ಮಾತಾಗಿದ್ದರೆ ಅಷ್ಟು ದೊಡ್ಡ ಸಂಸ್ಥೆ ಬರೆಯುತ್ತಿತ್ತಾ?

ಒಂದು ಸಲ ಆರೋಗ್ಯ ಸಿಬ್ಬಂದಿಗಾಗಿಯೇ ಆಡಿದೆವು. ಅವತ್ತು ನಮ್ಮ ನಟಿಯರು ನರ್ಸ್ ಆದರು, ನಿಜವಾದ ನರ್ಸ್ ಒಬ್ಬರು ರೋಗಿಯಾಗಿ ಮೇಜಿನ ಮೇಲೆ ಮಲಗಿದರು. ಇಪ್ಪತ್ತು ವರ್ಷ ಸರ್ವೀಸ್ ಆದವರು. ಬೇರೇನೂ ಮಾಡಲಿಲ್ಲ. ಅವರ ಸುತ್ತ ಐದು ಜನ ನಿಂತು ಅವರ ಬಗ್ಗೆ ಮಾತಾಡಿದರು. "ಇದು ಎಷ್ಟನೇದು?" "ಮೂರನೇದಂತೆ." "ಇವಳಿಗೆ ಹೇಳಿದ್ರೂ ಅರ್ಥ ಆಗಲ್ಲ." ಯಾರೂ ಅವರ ಮುಖ ನೋಡಲಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ, ಅವರು "ನಿಲ್ಲಿಸಿ" ಅಂತ ಎದ್ದು ಕೂತರು. ಸೀರೆಯನ್ನು ಕಾಲಿನವರೆಗೆ ಎಳೆದುಕೊಂಡರು. ಕಾಲು ಮುಚ್ಚಿಯೇ ಇತ್ತು, ಆದರೂ ಎಳೆದುಕೊಂಡರು. ಆಮೇಲೆ ಹೇಳಿದರು, "ಮಲಗಿದ್ರೆ ಸೀಲಿಂಗ್ ಮಾತ್ರ ಕಾಣುತ್ತೆ. ಯಾರು ಮಾತಾಡ್ತಿದಾರೆ ಅಂತಾನೇ ಗೊತ್ತಾಗಲ್ಲ." ಆ ಜಾಗದಲ್ಲಿ ಈಗ ಒಂದು ಪರದೆ ಬಂದಿದೆ. ಹಾಕಿಸಿದ್ದು ಅವರೇ.

ಹಕ್ಕು ಅಂದರೆ ನನಗೆ ಈಗ ಆ ಪರದೆ ನೆನಪಾಗುತ್ತದೆ. 1968ರಲ್ಲಿ ಟೆಹರಾನ್‌ನಲ್ಲಿ ನಡೆದ ಮಾನವ ಹಕ್ಕುಗಳ ಸಮ್ಮೇಳನದಲ್ಲಿ, ಎಷ್ಟು ಮಕ್ಕಳು, ಎಷ್ಟು ಅಂತರ ಅಂತ ತೀರ್ಮಾನಿಸುವುದು ತಂದೆತಾಯಿಗಳ ಹಕ್ಕು ಅಂದರು. 1994ರಲ್ಲಿ ಕೈರೋದಲ್ಲಿ 179 ದೇಶಗಳು ಸೇರಿದಾಗ ಆ ಮಾತು ಇನ್ನೂ ಬೆಳೆಯಿತು. ಅದು ದಂಪತಿಗಳ ಹಕ್ಕು ಮಾತ್ರ ಅಲ್ಲ, ವ್ಯಕ್ತಿಯ ಹಕ್ಕೂ ಹೌದು. ಒತ್ತಾಯ, ಹಿಂಸೆ ಇಲ್ಲದೆ ತೀರ್ಮಾನಿಸುವ ಹಕ್ಕು. ಅದಕ್ಕೆ ಬೇಕಾದ ಮಾಹಿತಿ ಮತ್ತು ಸಾಧನ ಸಿಗುವ ಹಕ್ಕು. 'ವ್ಯಕ್ತಿ' ಅನ್ನುವ ಪದ ಕಾಗದದಲ್ಲಿ ಸಣ್ಣದಾಗಿ ಕಾಣುತ್ತದೆ. ಗಂಡ ಹೆಂಡತಿ ಇಬ್ಬರೂ ಎದುರು ಕೂತಾಗ ಡಾಕ್ಟರ್ ಯಾರ ಮುಖ ನೋಡಿ ಕೇಳಬೇಕು ಅನ್ನುವುದಕ್ಕೆ ಉತ್ತರ ಅಲ್ಲಿದೆ. ರಂಗದ ಮೇಲೆ ಹಕ್ಕು ಅನ್ನುವುದು ಹೀಗೇ ಕಾಣಬೇಕು. ಚೀಟಿ ಯಾರ ಕೈಗೆ ಹೋಯಿತು, ಬಾಗಿಲು ಮುಚ್ಚಿತ್ತಾ, ಒಳಗೆ ಜೊತೆಗೆ ಇದ್ದದ್ದು ಅವಳು ಬಯಸಿದವರಾ. ಘೋಷಣೆ ಕೂಗಿಸಿದರೆ ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಬೋವಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದಾಗ, ಇಂಥ ನಾಟಕಗಳಲ್ಲಿ ಜನ ಸೂಚಿಸಿದ್ದನ್ನು ಕಾನೂನಿನ ಕರಡಾಗಿ ತಂದರು. 13 ಕಾನೂನುಗಳು ಪಾಸಾದವು. ನಮ್ಮದು ಒಂದು ಪರದೆ. ಆದರೂ ಆ ಪರದೆಯ ಹಿಂದೆ ದಿನಾ ಯಾರೋ ಒಬ್ಬಳು ಮಲಗುತ್ತಾಳಲ್ಲ.

ಗಂಡಸರ ಮಾತಿಗೆ ಬರುತ್ತೇನೆ. ಅವರು ಪ್ರೇಕ್ಷಕರಲ್ಲಿ ಇರಬೇಕಾ ಬೇಡವಾ ಅಂತ ನಮ್ಮಲ್ಲೇ ಜಗಳ ಆಗಿದೆ. ನನ್ನ ಅಭಿಪ್ರಾಯ, ಎರಡೂ ಬೇಕು. ಮುಟ್ಟು, ಸೋಂಕು, ನೋವಿನ ದೃಶ್ಯಗಳನ್ನು ಮೊದಲು ಹೆಂಗಸರ ಮುಂದೆ ಮಾತ್ರ ಆಡಬೇಕು. ಗಂಡಸರಿದ್ದರೆ ಆ ಅಮ್ಮ ಹತ್ತು ದಿನದ ಲೆಕ್ಕ ಹೇಳುತ್ತಿರಲಿಲ್ಲ. ಮಕ್ಕಳಾಗದ ದಂಪತಿಯ ದೃಶ್ಯಕ್ಕೆ ಗಂಡಸರು ಇರಲೇಬೇಕು. ಮಕ್ಕಳಾಗದಿರುವುದು ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಎಂದಾದರೂ ಎದುರಾಗುವ ಕಷ್ಟ. ಕಾರಣ ಗಂಡಸಿನಲ್ಲೂ ಇರಬಹುದು, ಹೆಂಗಸಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ವೀರ್ಯ ಪರೀಕ್ಷೆ ಸುಲಭದ್ದು. ಆದರೂ ಅವಳಿಗೆ ಹತ್ತು ಪರೀಕ್ಷೆ ಮುಗಿದ ಮೇಲೂ ಅವನಿಗೆ ಒಂದೂ ಆಗಿರುವುದಿಲ್ಲ.

ಆ ದೃಶ್ಯದಲ್ಲಿ ಒಮ್ಮೆ ಒಬ್ಬ ಯುವಕ "ನಿಲ್ಲಿಸಿ" ಅಂದ. ಗಂಡನ ಜಾಗಕ್ಕೆ ಬಂದ. "ನಡಿ, ನಾನೂ ಪರೀಕ್ಷೆ ಮಾಡಿಸ್ಕೋತೀನಿ, ಅಮ್ಮನಿಗೆ ನಾನು ಹೇಳ್ತೀನಿ," ಅಂದ. ಹುಡುಗರು ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ಒಬ್ಬಳು, "ಹಂಗೆಲ್ಲ ಎಲ್ಲಿರ್ತಾರೆ!" ಅಂದಳು. ಫೋರಂ ಥಿಯೇಟರ್‌ನಲ್ಲಿ ಇದಕ್ಕೆ 'ಮ್ಯಾಜಿಕ್' ಅನ್ನುತ್ತಾರೆ. ಅದುಮಿಸಿಕೊಂಡವರ ಜಾಗಕ್ಕೆ ಬಂದು ದಾರಿ ಹುಡುಕಬೇಕು. ಅದುಮುವವನೇ ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದರೆ ಕತೆಯೇ ಮುಗಿಯಿತು, ಅದರಿಂದ ಯಾರಿಗೂ ದಾರಿ ಸಿಗುವುದಿಲ್ಲ. ನಿಯಮದ ಪ್ರಕಾರ ನಾನು ಅವನನ್ನು ಕೆಳಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಬದಲಿಗೆ, "ಸರಿ, ಅಮ್ಮನಿಗೆ ಹೇಳು," ಅಂದೆ. ಅತ್ತೆಯ ಪಾತ್ರದವಳು ಬಂದು ಅವನ ಮುಂದೆ ನಿಂತಳು. ಅವನು ಬಾಯಿ ತೆರೆದ. ಮುಚ್ಚಿದ. "ಅಮ್ಮಾ, ಅದು..." ಅಂದ. ಮೂರು ಸಲ ಶುರುಮಾಡಿದ, ಮೂರು ಸಲವೂ ನಿಂತ. ಈ ಸಲ ಯಾರೂ ಅವನನ್ನು ಅಣಕಿಸಲಿಲ್ಲ. ತಾಲೀಮು ಅವನಿಗೂ ಬೇಕಾಗಿತ್ತು.

ಇದರಿಂದ ನಿಜವಾಗಿ ಏನಾದರೂ ಬದಲಾಗುತ್ತಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಣ್ಣೀರು, ಚಪ್ಪಾಳೆ ಎರಡನ್ನೂ ನಾನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಂಜಾನಿಯಾದಲ್ಲಿ 1993ರಲ್ಲಿ ಒಂದು ರೇಡಿಯೋ ನಾಟಕ ಧಾರಾವಾಹಿ ಶುರುವಾಯಿತು. ಕುಟುಂಬ ಯೋಜನೆ, ಎಚ್‌ಐವಿ ಅದರ ವಿಷಯ. ಮೊದಲ ಎರಡು ವರ್ಷ ದೊಡೊಮಾ ಪ್ರದೇಶಕ್ಕೆ ಮಾತ್ರ ಅದನ್ನು ಪ್ರಸಾರ ಮಾಡದೆ, ಕೇಳಿದವರನ್ನೂ ಕೇಳದವರನ್ನೂ ಹೋಲಿಸಿ ನೋಡಿದರು. ಪ್ರಸಾರವಾದ ಕಡೆ ಗರ್ಭನಿರೋಧಕ ಬಳಸುವವರು ಹೆಚ್ಚಾಗಿದ್ದರು. ಕತೆಗೆ ಆ ಶಕ್ತಿ ಇದೆ. ಆದರೆ ಕ್ಲಿನಿಕ್ಕಿಗೆ ಹೋದಾಗ ಅಲ್ಲಿ ಔಷಧಿಯೂ ಇರಬೇಕು, ಬಾಗಿಲು ತೆರೆದಿರಬೇಕು.

ಅದಕ್ಕೇ ನಾವು ಈಗ ನರ್ಸ್ ಒಬ್ಬರು ಬರುವುದು ಖಚಿತ ಆಗದೆ ಆಡುವುದಿಲ್ಲ. ನಾಟಕ ಮುಗಿದ ಮೇಲೆ ಅವರು ಒಂದು ಮೂಲೆಯಲ್ಲಿ ಕೂರುತ್ತಾರೆ. ಏಳು ದಿನಕ್ಕಿಂತ ಜಾಸ್ತಿ ಮುಟ್ಟು, ಗಂಟೆಗೊಂದು ಪ್ಯಾಡ್ ತೋಯುವುದು, ದೊಡ್ಡ ಗಡ್ಡೆ ಹೋಗುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುವುದು, ಇವುಗಳಿಗೆ ತೋರಿಸಿಕೊಳ್ಳಲೇಬೇಕು ಅಂತ ಒಬ್ಬೊಬ್ಬರಿಗೂ ಕೂತು ಹೇಳುತ್ತಾರೆ. ಇನ್ನೊಂದು ನಿಯಮ, ಆಡುವ ಜಾಗದಲ್ಲಿ ನಡೆದ ಯಾರದೇ ನಿಜವಾದ ಕತೆಯನ್ನು ಅಲ್ಲೇ ಆಡುವುದಿಲ್ಲ. ಹೆಸರು ಬದಲಿಸಿದರೂ ಜನರಿಗೆ ಗೊತ್ತಾಗುತ್ತದೆ. ಮೇಲೆ ಬಂದವರನ್ನು "ಇದು ನಿಮ್ಮ ಕತೆನಾ?" ಅಂತ ಯಾವತ್ತೂ ಕೇಳುವುದಿಲ್ಲ. ಪಾತ್ರದ ಹೆಸರಲ್ಲಿ ಆಡಿದ ಮಾತು ಪಾತ್ರದ್ದೇ. ಆ ಮರೆ ಇರುವುದರಿಂದಲೇ ಅವರು ಮೇಲೆ ಬರುತ್ತಾರೆ.

ಕುರ್ಚಿ ತಿರುಗಿಸಿದ ಆ ಅಮ್ಮನ ಕತೆಯನ್ನು ನಾನು ಬಹಳ ಕಡೆ ಹೇಳಿಕೊಂಡು ಬಂದಿದ್ದೆ. ಕಳೆದ ವರ್ಷ ಒಂದು ಪ್ರದರ್ಶನ ಮುಗಿದು ನಾವು ಸಾಮಾನು ಕಟ್ಟುತ್ತಿದ್ದೆವು. ಒಬ್ಬಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಕುರ್ಚಿಗಳನ್ನು ನೋಡುತ್ತಾ ನಿಂತಳು. ನರ್ಸ್ ಆ ಕಡೆ ಇದ್ದಾರೆ ಅಂದೆ. "ಅದಲ್ಲ," ಅಂದಳು. "ನಿಮ್ಮ ನಾಟಕದಲ್ಲಿ ಎರಡು ಕುರ್ಚಿ ಇದೆ. ನಾನು ಹೋಗೋ ಕಡೆ ಡಾಕ್ಟರ್ ಮುಂದೆ ಒಂದೇ ಇರೋದು. ಅದರಲ್ಲಿ ಅವರು ಕೂರ್ತಾರೆ. ನಾನು ಹಿಂದೆ ನಿಂತಿರ್ತೀನಿ."

ನನ್ನ ಹತ್ತಿರ ಮಾತಿರಲಿಲ್ಲ. ಎಷ್ಟು ವರ್ಷದಿಂದ ಆಡುತ್ತಿದ್ದೇವೆ, ಎಷ್ಟು ಸಲ ಆ ಕುರ್ಚಿಗಳನ್ನು ನನ್ನ ಕೈಯಾರೆ ಇಟ್ಟಿದ್ದೇನೆ.

ಮುಂದಿನ ಪ್ರದರ್ಶನದಿಂದ ಒಂದು ಕುರ್ಚಿ ತೆಗೆದೆವು. ಈಗ ದೃಶ್ಯ ಶುರುವಾದಾಗ ಗಂಡ ಕೂತಿರುತ್ತಾನೆ, ಹೆಂಡತಿ ಅವನ ಬೆನ್ನ ಹಿಂದೆ ನಿಂತಿರುತ್ತಾಳೆ. ಮೇಲೆ ಬಂದವರೆಲ್ಲ ಬೇರೆ ಬೇರೆ ಥರ ಮಾಡಿದ್ದಾರೆ. ಒಬ್ಬರು ಗಂಡನಿಗಿಂತ ಮೊದಲೇ ಒಳಗೆ ನುಗ್ಗಿ ಕೂತರು. ಒಬ್ಬರು ಡಾಕ್ಟರನ್ನೇ ಇನ್ನೊಂದು ಕುರ್ಚಿ ಕೇಳಿದರು. ಒಬ್ಬಳು, ಹದಿನೆಂಟು ಇರಬಹುದು, ಗಂಡನನ್ನು ಕೂತಲ್ಲೇ ಬಿಟ್ಟು ಮೇಜು ಸುತ್ತಿ ಬಂದು ಡಾಕ್ಟರ್ ಪಕ್ಕದಲ್ಲಿ ನಿಂತಳು. ಬರೆಯುತ್ತಿದ್ದ ಚೀಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಏನಂತ ಬರೀತಿದೀರಾ, ನನಗೆ ಹೇಳಿ," ಅಂದಳು.